ಆನೆಗೊಂದಿಯ ವೇದಿಕೆಗೆ ಮುಂದಿನ ವರ್ಷ ಯಾರು?

ಆನೆಗೊಂದಿ ಉತ್ಸವದ ಮಾತು ಬಂದೊಡನೆ ನಮ್ಮ ಊರುಗಳಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ಈ ಸಲ ಯಾರನ್ನು ಕರೆಸುತ್ತಾರೆ? ಗಂಗಾವತಿಯ ಬಸ್ ನಿಲ್ದಾಣದಲ್ಲಿ, ಕುಷ್ಟಗಿಯ ಚಹಾದಂಗಡಿಯಲ್ಲಿ, ಯಲಬುರ್ಗಾದ ಕಾಲೇಜಿನ ಅಂಗಳದಲ್ಲಿ, ಕೊಪ್ಪಳದ ಸಂತೆಯಲ್ಲಿ ಹೆಸರುಗಳ ಸುರಿಮಳೆಯೇ ಆಗುತ್ತದೆ. ಒಬ್ಬರು ಬೆಂಗಳೂರಿನ ಚಿತ್ರಗೀತೆಯ ಗಾಯಕರನ್ನು ಹೆಸರಿಸಿದರೆ ಇನ್ನೊಬ್ಬರು ಮುಂಬೈಯವರೇ ಬರುತ್ತಾರೆಂದು ವಾದಿಸುತ್ತಾರೆ. ಮತ್ತೊಬ್ಬರು ದೂರದರ್ಶನದ ಹಾಡಿನ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಯ ಪರವಾಗಿ ಪಂದ್ಯ ಕಟ್ಟುತ್ತಾರೆ. ಊಹೆ ಮಾಡುವುದರಲ್ಲಿ ಒಂದು ಸುಖವಿದೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಆದ್ದರಿಂದ ಈ ಪುಟದಲ್ಲಿ ನಾನೂ ಒಂದು ಪಟ್ಟಿಯನ್ನು ಮುಂದಿಡುತ್ತೇನೆ. ಆದರೆ ಅದಕ್ಕೆ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಬರುವವರು ಯಾರೇ ಆಗಲಿ, ಅವರು ಹಾಡುವ ಸ್ಥಳ ಎಂಥದು? ಅದು ಎಷ್ಟು ದನಿಯನ್ನು ತಾಳಿಕೊಳ್ಳಬಲ್ಲದು?

ಉತ್ಸವಗಳ ಋತು ಬದಲಾಗುತ್ತಿರುವುದನ್ನು ನಾವು ಗಮನಿಸಿರಬೇಕು. ಆನೆಗೊಂದಿ ಉತ್ಸವ 2020ರಲ್ಲಿ ಜನವರಿ ತಿಂಗಳ ಚಳಿಯಲ್ಲಿ ನಡೆಯಿತು. 2024ರಲ್ಲಿ ನಡೆದದ್ದು ಮಾರ್ಚ್ ತಿಂಗಳಿನಲ್ಲಿ. ಹೊಳೆಯಾಚೆಯ ಹಂಪಿ ಉತ್ಸವವೂ ಹಿಂದೆ ನವೆಂಬರಿನಲ್ಲಿ ಜರುಗುತ್ತಿತ್ತು. 2025ರಲ್ಲಿ ಫೆಬ್ರುವರಿ ಕೊನೆಗೆ ಆರಂಭವಾಗಿ ಮಾರ್ಚ್ ಮೊದಲ ದಿನಗಳಲ್ಲಿ ಮುಗಿಯಿತು. ಹೀಗೆ ಚಳಿಗಾಲದ ಹಬ್ಬಗಳು ಬೇಸಿಗೆಯ ಬಾಗಿಲಿಗೆ ಬಂದು ನಿಂತಿವೆ. ಬೇಸಿಗೆಯಲ್ಲಿ ನಮ್ಮ ಗುಡ್ಡಗಳ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಒಂದು ಪಟಾಕಿಯ ಕಿಡಿ, ಆರಿಸದೆ ಎಸೆದ ಒಂದು ಬೀಡಿಯ ತುಂಡು ಸಾಕು, ಇಡೀ ಇಳಿಜಾರು ಹೊತ್ತಿ ಉರಿಯಲು. ಹೊಳೆಯಲ್ಲಿ ನೀರು ಇಳಿದು ಮಡುಗಳಷ್ಟೇ ಉಳಿದಿರುತ್ತವೆ. ಆ ಮಡುಗಳ ಸುತ್ತಲೇ ಆಗ ಎಲ್ಲ ಜೀವಿಗಳ ಬದುಕು.

ಆ ಹೊಳೆ ಸಾಮಾನ್ಯವಾದ ಹೊಳೆಯಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಉದ್ದದ ತುಂಗಭದ್ರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಳಿಗಾಗಿಯೇ ಮೀಸಲಾದ ಇಂಥ ಪ್ರದೇಶ ದೇಶದಲ್ಲಿ ಅದೇ ಮೊದಲನೆಯದು. ಆನೆಗೊಂದಿ ಈ ಹರವಿನ ನಡುವೆಯೇ ಇದೆ. ನೀರುನಾಯಿ ಕುಟುಂಬವಾಗಿ ಬಾಳುವ ಪ್ರಾಣಿ. ದಂಡೆಯ ಬಂಡೆಗಳ ಸಂದಿನಲ್ಲಿ, ಮರದ ಬೇರುಗಳ ನಡುವಿನ ಬಿಲದಲ್ಲಿ ಮರಿಗಳನ್ನು ಸಾಕುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ಬೇಸಿಗೆಯ ಆರಂಭದಲ್ಲಿ ಇನ್ನೂ ತಾಯಿಯ ಬೆನ್ನು ಬಿಟ್ಟಿರುವುದಿಲ್ಲ. ಒಂದರ ದನಿಯನ್ನು ಇನ್ನೊಂದು ಕೇಳಿಯೇ ಅವು ಗುಂಪಾಗಿ ಮೀನು ಹಿಡಿಯುತ್ತವೆ. ಕೇಳಿಸಿಕೊಳ್ಳುವುದೇ ಬದುಕಾಗಿರುವ ಪ್ರಾಣಿಯ ಮನೆಯ ಮುಂದೆ ನಾವು ಎರಡು ರಾತ್ರಿ ಧ್ವನಿವರ್ಧಕಗಳ ಗೋಡೆಯನ್ನು ನಿಲ್ಲಿಸುವುದಾದರೆ ಮೀಸಲು ಎಂಬ ಮಾತಿಗೆ ಅರ್ಥವೇನು?

ದಂಡೆಯಿಂದ ಮೇಲೆ ಕಣ್ಣೆತ್ತಿದರೆ ಬಂಡೆಗಳ ಲೋಕ. ಆ ಬಂಡೆಗಳ ಚಾಚುಗಳಲ್ಲಿ ಕೊಂಬಿನ ಗೂಬೆ ಮೊಟ್ಟೆಯಿಡುವುದು ಚಳಿಗಾಲದಿಂದ ಬೇಸಿಗೆಯ ನಡುವಿನ ಇದೇ ತಿಂಗಳುಗಳಲ್ಲಿ. ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಅದು ನಮ್ಮ ಗುಡ್ಡಗಳಲ್ಲಿದೆ. ಕರಡಿ ಮತ್ತು ಚಿರತೆಗಳು ಇರುವ ಸಂಗತಿಯನ್ನು ಗುಡ್ಡದ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗದ್ದಲಕ್ಕೆ ಬೆದರಿದ ಕರಡಿ ಗುಡ್ಡವನ್ನು ಬಿಟ್ಟು ಇಳಿದರೆ ಅದು ಹೋಗುವುದು ಬೆಂಗಳೂರಿಗಲ್ಲ, ನಮ್ಮ ಬಾಳೆಯ ತೋಟಕ್ಕೆ, ನಮ್ಮ ಭತ್ತದ ಗದ್ದೆಗೆ. ಉತ್ಸವ ಮುಗಿಸಿ ಗಾಯಕರು ವಿಮಾನವೇರಿದ ಮೇಲೆ ಅದನ್ನು ಎದುರಿಸುವವರು ನಸುಕಿನಲ್ಲಿ ನೀರು ಕಟ್ಟಲು ಹೋಗುವ ರೈತರು.

ಇನ್ನು ಕಾನೂನಿನ ಮಾತು. ಕೇಂದ್ರ ಸರ್ಕಾರ 2000ದಲ್ಲಿ ಜಾರಿಗೊಳಿಸಿದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಕ್ಕಿದೆ. ವಾಸದ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ದೊಡ್ಡ ವೇದಿಕೆಯ ಮುಂದೆ 95 ಡೆಸಿಬಲ್ ಮೀರುವುದು ಸಾಮಾನ್ಯ. 45ಕ್ಕೂ 95ಕ್ಕೂ ವ್ಯತ್ಯಾಸ ಎರಡು ಪಟ್ಟು ಮಾತ್ರವೆಂದು ಭಾವಿಸಬಾರದು. ಪ್ರತಿ 10 ಡೆಸಿಬಲ್ ಏರಿದಾಗಲೂ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. 50 ಏರಿದರೆ ಒಂದು ಲಕ್ಷ ಪಟ್ಟು. ಅದಲ್ಲದೆ ಬಯಲುಸೀಮೆಯಲ್ಲಿ ಚದುರಿಹೋಗುವ ದನಿ ಇಲ್ಲಿ ಬಂಡೆಯಿಂದ ಬಂಡೆಗೆ ಬಡಿದು ಮರಳುತ್ತದೆ. ಕಾನೂನು ಮನುಷ್ಯನ ಕಿವಿಗಾಗಿ ಬರೆದ ಈ ಮಿತಿಯನ್ನೇ ನಾವು ಪಾಲಿಸದಿದ್ದರೆ ಮಾತು ಬಾರದ ಜೀವಿಗಳ ಪಾಡನ್ನು ಯಾರು ಕೇಳಬೇಕು?

ಈ ಸ್ಥಳದ ವಿಷಯದಲ್ಲಿ ನಾವು ಒಮ್ಮೆ ಪಾಠ ಕಲಿತಿದ್ದೇವೆ. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಕಟ್ಟತೊಡಗಿದ ಸೇತುವೆಯೇ ಮುಖ್ಯ ಕಾರಣವಾಗಿ 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆ ಸೇತುವೆ ಪೂರ್ಣಗೊಳ್ಳುವ ಮುನ್ನವೇ 2009ರಲ್ಲಿ ಕುಸಿದುಬಿತ್ತು. ಒಳ್ಳೆಯ ಉದ್ದೇಶದ ಕೆಲಸವೂ ಸ್ಥಳದ ಸ್ವಭಾವವನ್ನು ಅರಿಯದೆ ಹೋದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಮೊರೇರ ಗುಡ್ಡವನ್ನು ಹತ್ತಿದವರಿಗೆ ಇನ್ನೊಂದು ಸಂಗತಿ ನೆನಪಾದೀತು. ಅಲ್ಲಿ ಎರಡು ಸಾವಿರ ವರ್ಷಗಳಿಗಿಂತಲೂ ಹಿಂದಿನ ಸುಮಾರು 400 ಶಿಲಾಸಮಾಧಿಗಳಿವೆ. 2021ರಲ್ಲಿ ಅವು ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆ ಗುಡ್ಡದಲ್ಲಿ ಎತ್ತರವಾದ ಬಂಡೆಯ ನೆತ್ತಿಯ ಮೇಲೆ ನಗಾರಿಯಂತಹ ಅರ್ಧಗೋಳದ ಕಲ್ಲೊಂದಿದೆ. ಅದನ್ನು ಬಡಿದರೆ ನಾದ ದೂರದವರೆಗೆ ಕೇಳುತ್ತದೆ. ಆ ಕಾಲದ ಜನ ಅದನ್ನು ಎಂದು, ಏಕೆ ಬಾರಿಸುತ್ತಿದ್ದರೋ, ಆದರೆ ಸುತ್ತಲಿನ ಮೌನವೇ ಆ ನಾದಕ್ಕೆ ಬೆಲೆ ತಂದಿತ್ತು. ಅಂದರೆ ಈ ಸೀಮೆಗೆ ಸಂಗೀತ ಹೊಸದಲ್ಲ, ಗದ್ದಲ ಹೊಸದು.

ಚಿತ್ರಗೀತೆಯ ಗಾಯಕರಿಲ್ಲದಿದ್ದರೆ ಜನ ಸೇರುವುದಿಲ್ಲ, ಜನ ಸೇರದಿದ್ದರೆ ಅಂಗಡಿಗಳಿಗೆ ವ್ಯಾಪಾರವಿಲ್ಲ ಎಂಬ ವಾದವಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಮಿರ್ಚಿ ಮಂಡಕ್ಕಿಯ ಗಾಡಿಯವರಿಗೆ, ಆಟೋ ಓಡಿಸುವವರಿಗೆ ಆ ಎರಡು ರಾತ್ರಿಗಳ ದುಡಿಮೆ ಸಣ್ಣದಲ್ಲ. ಚಿತ್ರಗೀತೆಯೂ ಹಾಡೇ, ದುಡಿದು ದಣಿದವರು ಅದಕ್ಕೆ ಕುಣಿದರೆ ತಪ್ಪೇನಿಲ್ಲ. ನನ್ನ ತಕರಾರು ಗಾಯಕರ ಮೇಲಲ್ಲ, ಏರ್ಪಾಟಿನ ಮೇಲೆ. ದೊಡ್ಡ ದನಿಯ ಕಾರ್ಯಕ್ರಮ ಗಂಗಾವತಿ ನಗರದ ಮೈದಾನದಲ್ಲಿ ನಡೆಯಲಿ. ಬಸ್ಸು, ಬೆಳಕು, ಶೌಚಾಲಯ, ಆಸ್ಪತ್ರೆ ಎಲ್ಲವೂ ಅಲ್ಲಿಯೇ ಇವೆ, ವ್ಯಾಪಾರವೂ ತಪ್ಪದು. ಆನೆಗೊಂದಿಯಲ್ಲಿ ಆ ಸ್ಥಳಕ್ಕೆ ಒಗ್ಗುವ ಕಲೆಗಳು ಸಂಜೆ 5ರಿಂದ 9ರವರೆಗೆ ನಡೆಯಲಿ.

ಹೊತ್ತಿಗೆ ಮಿತಿ ಹಾಕಿದರೆ ಉತ್ಸವ ಸೊರಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ. ಯಲಬುರ್ಗಾಕ್ಕೆ ನೆರೆಯ ಗದಗ ಸೀಮೆಯವರಾದ ಪಂಡಿತ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವವೊಂದನ್ನು ಆರಂಭಿಸಿದರು. ಹಿಂದೆ ಅದು ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಶಬ್ದ ನಿಯಮಗಳು ಬಂದ ಮೇಲೆ ರಾತ್ರಿಯ ಕಛೇರಿಗಳನ್ನು ಹಗಲಿಗೂ ಸಂಜೆಗೂ ತಂದು ಹೊಂದಿಸಿಕೊಂಡರು. ಉತ್ಸವ ಸಾಯಲಿಲ್ಲ, ಇಂದಿಗೂ ಸಹಸ್ರಾರು ಶ್ರೋತೃಗಳು ಸೇರುತ್ತಾರೆ. ನಮ್ಮದೇ ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿರಿ. ಲಕ್ಷಾಂತರ ಜನ ಸೇರುವ ಆ ಜಾತ್ರೆಯಲ್ಲಿ ದಾಸೋಹವಿದೆ, ಸಂಗೀತವಿದೆ, ಜೊತೆಗೆ ಜನಜಾಗೃತಿಯ ಜಾಥಾ ಇದೆ. ಹಿರೇಹಳ್ಳದ ಹೂಳೆತ್ತುವ ಕೆಲಸಕ್ಕೆ 2019ರಲ್ಲಿ ಜನರನ್ನು ಒಗ್ಗೂಡಿಸಿದ್ದೂ ಇದೇ ಮಠ. ಜನಸಾಗರಕ್ಕೂ ಶಿಸ್ತಿಗೂ ವೈರವಿಲ್ಲವೆಂಬುದನ್ನು ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ.

ಈಗ ನನ್ನ ಪಟ್ಟಿ. ಇದು ಊಹೆಗಿಂತ ಹೆಚ್ಚಾಗಿ ಆಸೆ.

ಮೊದಲ ಸಂಜೆ ಸೂರ್ಯ ಮುಳುಗುವ ಮುನ್ನ ಕುಷ್ಟಗಿ ತಾಲೂಕಿನ ಡೊಳ್ಳಿನ ಮೇಳ ಮತ್ತು ಕರಡಿ ಮಜಲು. ಇವುಗಳಿಗೆ ಯಂತ್ರದ ಹಂಗಿಲ್ಲ. ಚರ್ಮವೂ ತೋಳಬಲವೂ ಸಾಕು. ಬಳಿಕ ಮೊಹರಮ್ಮಿನ ರಿವಾಯತ್ ಪದಗಳು, ಯಲಬುರ್ಗಾ ಸೀಮೆಯ ಭಜನೆಯವರು, ತಾಂಡಾಗಳ ಲಂಬಾಣಿ ಹಾಡುಗಾರ್ತಿಯರು. ಕತ್ತಲಾದ ಮೇಲೆ ಮೋರನಾಳದ ತೊಗಲುಗೊಂಬೆ. ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ರಾಮಾಯಣ, ಮಹಾಭಾರತಗಳನ್ನು ಒಂದು ಪರದೆ, ಒಂದು ದೀಪದ ಬೆಳಕಿನಲ್ಲಿ ನಡೆಸುವ ಈ ಕಲೆಗೆ ಕತ್ತಲೆಯೇ ಆಸ್ತಿ. ಕಿಷ್ಕಿಂಧೆಯೆಂದು ಜನ ನಂಬುವ ನೆಲದಲ್ಲಿ, ಅಂಜನಾದ್ರಿಯ ನೆರಳಿನಲ್ಲಿ ಆ ಮನೆತನದವರು ರಾಮಾಯಣ ಆಡಿಸುವುದಕ್ಕಿಂತ ಮಿಗಿಲಾದ ಕಾರ್ಯಕ್ರಮ ಯಾವುದಿದ್ದೀತು?

ಎರಡನೆಯ ಸಂಜೆ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ತಂಡ. ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ. ಅನಂತರ ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿದ್ಯಾರ್ಥಿಗಳ ವಚನ ಗಾಯನ. ಕೊನೆಗೆ ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಅದೇ ಆಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತ ಪಂಡಿತ ಎಂ. ವೆಂಕಟೇಶಕುಮಾರ್ ಅವರಿಂದ ದಾಸರ ಪದಗಳು. ಪುರಂದರದಾಸರ ಹೆಸರಿನ ಮಂಟಪ ಹೊಳೆಯಾಚೆಯ ದಂಡೆಯಲ್ಲಿಯೇ ಇರುವಾಗ ಈಚೆಯ ದಂಡೆಯಲ್ಲಿ ಆ ಪದಗಳು ಮೆಲುದನಿಯಲ್ಲಿ ಕೇಳಿಬರಲಿ. ರಾತ್ರಿ 9ಕ್ಕೆ ಮಂಗಳ. ಪಟಾಕಿ ಬೇಡ, ಆಕಾಶಕ್ಕೆ ಹಾಯಿಸುವ ಬಣ್ಣದ ದೀಪಗಳು ಬೇಡ.

ಈ ಪಟ್ಟಿಯಲ್ಲಿರುವ ಬಹುಪಾಲು ಕಲಾವಿದರು ನಮ್ಮವರೇ. ಆದರೂ ದೊಡ್ಡ ಉತ್ಸವಗಳಲ್ಲಿ ಇಂಥವರಿಗೆ ಸಿಗುವುದು ಖಾಲಿ ಕುರ್ಚಿಗಳ ಮುಂದಿನ ಮಧ್ಯಾಹ್ನದ ಹೊತ್ತು, ಇಲ್ಲವೇ ಮುಖ್ಯ ಅತಿಥಿಗಳ ದಾರಿ ಕಾಯುವ ಹೊತ್ತು. ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡಾಗ ಅವರ ನಾಲಗೆಯ ಮೇಲಿದ್ದ ಕಥಾಭಂಡಾರದ ಅಳಿದುಳಿದ ಭಾಗವನ್ನು ನೆನೆದು ನಾವೆಲ್ಲ ಮರುಗಿದೆವು. ಹಾಡುವವರು ಇರುವಾಗ ಕೇಳದೆ, ಹೋದ ಮೇಲೆ ಮರುಗುವುದು ನಮ್ಮ ಹಳೆಯ ಚಾಳಿ. ನೀರುನಾಯಿಯ ವಿಷಯದಲ್ಲಿಯೂ ಹಾಗೆಯೇ ಆಗಬಾರದು. ಒಂದು ಕಲೆ ಬಾಳಲು ಕೇಳುವ ಕಿವಿ ಬೇಕು; ಒಂದು ಪ್ರಾಣಿ ಬಾಳಲು ಕೆಡದ ಮಡು ಬೇಕು. ಎರಡನ್ನೂ ಕಸಿದುಕೊಳ್ಳುತ್ತಿರುವುದು ಒಂದೇ ಅಬ್ಬರ.

ಉತ್ಸವವನ್ನು ನಡೆಸುವುದು ಜಿಲ್ಲಾಡಳಿತ. ಹೆಸರುಗಳು ಅಂತಿಮವಾದ ಮೇಲೆ ಬರೆಯುವ ಮನವಿಗೆ ಬೆಲೆಯಿಲ್ಲ, ಈಗಲೇ ಬರೆಯಬೇಕು. ಗುಡ್ಡದ ಊರುಗಳ ಗ್ರಾಮಸಭೆಗಳಲ್ಲಿ ಹೊತ್ತು, ಸ್ಥಳ ಮತ್ತು ದನಿಯ ಮಿತಿಯ ಕುರಿತು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಕಳುಹಿಸೋಣ. ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ನಿಮ್ಮ ಊರಿನಲ್ಲಿ ಹಾಡುವವರು, ಬಾರಿಸುವವರು, ಕಥೆ ಹೇಳುವವರು ಯಾರು ಯಾರು ಇದ್ದಾರೆಂದು ಮನೆ ಮನೆಗೆ ಹೋಗಿ ಬರೆದುಕೊಳ್ಳಿರಿ. ಆ ಪಟ್ಟಿ ನನ್ನ ಪಟ್ಟಿಗಿಂತ ಉದ್ದವಾಗಿರುತ್ತದೆ, ಸರಿಯಾಗಿಯೂ ಇರುತ್ತದೆ. ಮುಂದಿನ ವರ್ಷ ಯಾರು ಬರುತ್ತಾರೆಂದು ಕಾಯುತ್ತ ಕೂರುವ ಬದಲು ಯಾರು ಹಾಡಬೇಕೆಂದು ನಾವೇ ಹೇಳೋಣ. ಹಾಡು ಮುಗಿದ ರಾತ್ರಿ ಹೊಳೆ ತನ್ನ ದನಿಯಲ್ಲಿ ಹರಿಯುವುದು ಕೇಳಿಸಿದರೆ ಆ ಉತ್ಸವ ಚೆನ್ನಾಗಿ ನಡೆಯಿತೆಂದು ತಿಳಿಯೋಣ.