ತುಕ್ಕು ಹಿಡಿದ ಸೈಕಲ್ಲು ಮತ್ತು ಗುಡ್ಡದ ಅದಿರು

ಮಲೆನಾಡಿನ ಯಾವುದೇ ಹಳೆಯ ಮನೆಯ ಸೌದೆ ಕೊಟ್ಟಿಗೆಯನ್ನು ಇಣುಕಿ ನೋಡಿದರೂ ಅಲ್ಲೊಂದು ಸೈಕಲ್ಲಿನ ಅಸ್ಥಿಪಂಜರ ಕಣ್ಣಿಗೆ ಬೀಳುತ್ತದೆ. ಟೈರು ಬಿರಿದು ನಾರು ಹೊರಬಿದ್ದಿರುತ್ತದೆ. ಚೈನು ಒಂದೇ ಸಲಾಕೆಯಂತೆ ಸೆಟೆದಿರುತ್ತದೆ. ಹ್ಯಾಂಡಲ್ಲಿನ ಹೊಳಪಿನ ಮೇಲೆ ಕೆಂಪು ಚುಕ್ಕೆಗಳೆದ್ದಿರುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಗುಜರಿಯವನು ಬಂದ ದಿನ ತೂಕಕ್ಕೆ ಹಾಕಿ, ಸಿಕ್ಕಿದ ಪುಡಿಗಾಸನ್ನು ಮಕ್ಕಳ ಕೈಗಿತ್ತರೆ ಆ ಅಧ್ಯಾಯ ಮುಗಿದಂತೆ.

ಹಾಗೆ ತೂಕಕ್ಕೆ ಬಿದ್ದ ವಸ್ತು ಎಲ್ಲಿಂದ ಬಂದಿತ್ತು ಎಂಬ ಪ್ರಶ್ನೆಯನ್ನು ಬೇರೆ ಸೀಮೆಯವರು ಮರೆತಾರು, ಪಶ್ಚಿಮಘಟ್ಟದ ಜನ ಮರೆಯುವಂತಿಲ್ಲ. ಕುದುರೆಮುಖದಲ್ಲಿ ಅದಿರು ತೆಗೆಯಲು ಸರ್ಕಾರಿ ಕಂಪೆನಿ ಸ್ಥಾಪನೆಯಾದದ್ದು 1976ರಲ್ಲಿ. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಅದಿರನ್ನು ಅರೆದು ಕೆಸರು ಮಾಡಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಿದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿತು. ಗಣಿಯಿಂದ ಕೊಚ್ಚಿ ಬಂದ ಹೂಳು ಭದ್ರೆಯ ಒಡಲು ಸೇರಿತು. ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರಿನಲ್ಲಿ ತೀರ್ಪಿತ್ತ ನಂತರ, 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಆದರೆ ಜನರ ಕಬ್ಬಿಣದ ಹಸಿವು ನಿಲ್ಲಲಿಲ್ಲ. ಬಳ್ಳಾರಿ, ಸಂಡೂರಿನ ಗುಡ್ಡಗಳಲ್ಲಿ ನಡೆದದ್ದನ್ನು, 2011ರಲ್ಲಿ ಅಲ್ಲಿನ ಗಣಿಗಳಿಗೂ ನ್ಯಾಯಾಲಯವೇ ತಡೆ ಹಾಕಬೇಕಾಗಿ ಬಂದದ್ದನ್ನು ನೆನೆದರೆ ಸಾಕು. ಒಂದು ಗುಡ್ಡ ಉಳಿಯಿತೆಂದರೆ ಇನ್ನೊಂದು ಗುಡ್ಡದ ಸರದಿ ಬಂತೆಂದೇ ಅರ್ಥವಾಗುವಂಥ ಲೆಕ್ಕಾಚಾರವಿದು.

ಊದುಕುಲುಮೆಯ ಮಾರ್ಗದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸುಮಾರು 1370 ಕಿಲೋ ಅದಿರು, 780 ಕಿಲೋ ಕಲ್ಲಿದ್ದಲು, 270 ಕಿಲೋ ಸುಣ್ಣದ ಕಲ್ಲು ಬೇಕಾಗುತ್ತದೆಂದು ಉಕ್ಕು ಉದ್ಯಮದವರೇ ಲೆಕ್ಕ ಕೊಡುತ್ತಾರೆ. ಹದಿನೈದು ಕಿಲೋ ತೂಕದ ಒಂದು ಉಕ್ಕಿನ ಸೈಕಲ್ಲಿಗೆ ಇದನ್ನು ಇಳಿಸಿ ನೋಡಿದರೆ ಇಪ್ಪತ್ತು ಕಿಲೋ ಅದಿರು, ಹನ್ನೆರಡು ಕಿಲೋ ಕಲ್ಲಿದ್ದಲು. ಗುಜರಿಗೆ ಹೋದ ಕಬ್ಬಿಣ ಮತ್ತೆ ಕರಗಿ ಉಕ್ಕಾಗುತ್ತದಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಗುಜರಿಯ ವ್ಯಾಪಾರ ನಿಂದಿಸತಕ್ಕದ್ದಲ್ಲ. ಅದಿರಿನಿಂದ ಉಕ್ಕು ಮಾಡುವುದಕ್ಕಿಂತ ಹಳೆಯ ಉಕ್ಕನ್ನು ಕರಗಿಸುವುದಕ್ಕೆ ಎಷ್ಟೋ ಕಡಿಮೆ ಶಕ್ತಿ ಸಾಕು. ಆದರೆ ಕುಲುಮೆಯಲ್ಲಿ ಉಳಿಯುವುದು ಲೋಹ ಮಾತ್ರ. ಕೊಳವೆಯನ್ನು ಎಳೆದು ಬೆಸೆದ ಶ್ರಮ, ಬಣ್ಣ, ರಬ್ಬರು ಎಲ್ಲವೂ ಅಲ್ಲಿಗೆ ಮುಗಿಯುತ್ತವೆ. ಹೊಸ ಸೈಕಲ್ಲಿನ ಹ್ಯಾಂಡಲ್ಲಿಗೆ ಹೊಸದಾಗಿ ಕ್ರೋಮಿಯಂ ಲೇಪವಾಗಬೇಕು. ಆ ಲೇಪನದ ತೊಟ್ಟಿಯಿಂದ ಹೊರಬರುವ ನೀರು ಎಂಥ ವಿಷವೆಂಬುದನ್ನು ಕಾರ್ಖಾನೆಗಳ ಬದಿಯ ಬಾವಿಗಳನ್ನು ಕುಡಿದವರು ಬಲ್ಲರು. ಕೂಡಿಸಿಟ್ಟ ರೂಪವನ್ನು ಉಳಿಸಿಕೊಳ್ಳಲು ಸಾಧ್ಯವಿರುವಾಗ ಕರಗಿಸುವುದು ದುಂದು.

ಹಳೆಯ ಸೈಕಲ್ಲನ್ನು ಎತ್ತಿ ನಿಲ್ಲಿಸುವ ಕೆಲಸ ಬಡವರ ಅನಿವಾರ್ಯತೆ ಮಾತ್ರ ಎಂಬ ಭಾವನೆ ಹಳ್ಳಿಗಳಲ್ಲಿದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಂದು ಪೇಟೆಯ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ನಿಂತಿರುವ ಎರಡು ಬಗೆಯ ಸೈಕಲ್ಲುಗಳು ಹುಟ್ಟಿದ್ದೇ ಇದ್ದುದನ್ನು ಬಿಚ್ಚಿ ಕಟ್ಟಿದ ಹುಡುಗರ ಕೈಯಲ್ಲಿ. ಅಮೆರಿಕದ ಶ್ವಿನ್ ಕಂಪೆನಿ 1963ರಲ್ಲಿ ಇಪ್ಪತ್ತಿಂಚಿನ ಚಕ್ರದ ಸ್ಟಿಂಗ್-ರೇ ಎಂಬ ಮಕ್ಕಳ ಸೈಕಲ್ಲನ್ನು ತಂದಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅದರ ಮಡ್‌ಗಾರ್ಡು ಕಿತ್ತು, ಹ್ಯಾಂಡಲ್ಲು ಬದಲಿಸಿ, ಮೋಟಾರು ಸೈಕಲ್ಲಿನ ಸವಾರರಂತೆ ಮಣ್ಣುದಿಬ್ಬಗಳ ಮೇಲೆ ಹಾರಿಸತೊಡಗಿದರು. 1971ರಲ್ಲಿ ಬಂದ ‘ಆನ್ ಎನಿ ಸಂಡೇ’ ಎಂಬ ಸಾಕ್ಷ್ಯಚಿತ್ರದ ಮೊದಲ ದೃಶ್ಯಗಳಲ್ಲಿ ಅಂಥ ಮಕ್ಕಳನ್ನು ಕಂಡ ಮೇಲೆ ಈ ಆಟ ಅಮೆರಿಕದ ಊರೂರಿಗೆ ಹಬ್ಬಿತು. ಅದೇ ಬಿಎಂಎಕ್ಸ್, 2008ರ ಬೀಜಿಂಗ್ ಒಲಿಂಪಿಕ್ಸಿಗೂ ಅದು ಏರಿತು. ಎಪ್ಪತ್ತು, ಎಂಬತ್ತರ ದಶಕದ ಆ ಹಳೆಯ ಬಿಎಂಎಕ್ಸ್‌ಗಳನ್ನು ಅಲ್ಲಿನ ನಡುವಯಸ್ಕರು ಈಗ ಗ್ಯಾರೇಜುಗಳ ಮೂಲೆಯಿಂದ ಹುಡುಕಿ ತೆಗೆದು ತುಕ್ಕು ಬಿಡಿಸುತ್ತಿದ್ದಾರೆ.

ಇನ್ನೊಂದು ಸಂಗತಿ ಗುಡ್ಡಗಾಡಿನವರಿಗೆ ಇನ್ನೂ ಹತ್ತಿರದ್ದು. ಅದೇ ಕ್ಯಾಲಿಫೋರ್ನಿಯಾದ ಉತ್ತರಕ್ಕಿರುವ ಮರಿನ್ ಎಂಬ ಗುಡ್ಡಸೀಮೆಯಲ್ಲಿ ಕೆಲವು ತರುಣರು 1930-40ರ ಕಾಲದ ಭಾರದ ಸೈಕಲ್ಲುಗಳನ್ನು ಗುಜರಿಯಿಂದ ತಂದು ಸರಿಪಡಿಸಿಕೊಂಡು, ಕಾಡಿನ ಕಚ್ಚಾ ರಸ್ತೆಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅಲ್ಲೊಂದು ಪಂದ್ಯ ಶುರುವಾಯಿತು. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿಯಲ್ಲಿ ನಾನೂರು ಮೀಟರಿನಷ್ಟು ಇಳಿಯುವ ದುರ್ಗಮ ಘಾಟಿಯದು. ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು ಆ ಇಳಿಜಾರಿನಲ್ಲಿ ಕಾದು, ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಗ್ರೀಸನ್ನು ಮತ್ತೆ ತುಂಬಬೇಕಾದ್ದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಮೌಂಟನ್ ಬೈಕು ಎಂದು ಇಂದು ಜಗತ್ತೇ ಕರೆಯುವ ವಾಹನದ ಮೂಲ ಆ ಗುಜರಿ ಸೈಕಲ್ಲುಗಳು.

ಇಲ್ಲಿನ ಕೊಟ್ಟಿಗೆಗಳಲ್ಲಿ ಬಿದ್ದಿರುವುದು ಆ ಪ್ರಸಿದ್ಧ ಸೈಕಲ್ಲುಗಳಲ್ಲ. ಅವುಗಳ ಮಾದರಿಯಲ್ಲಿ ಬಂದ ಇಪ್ಪತ್ತಿಂಚಿನ ಮಕ್ಕಳ ಸೈಕಲ್ಲು, ಇಲ್ಲವೇ ಶಾಲೆಯಲ್ಲಿ ಕೊಟ್ಟ ದೊಡ್ಡ ಸೈಕಲ್ಲು. ರಿಪೇರಿಯ ಕ್ರಮ ಮಾತ್ರ ಒಂದೇ. ಕೈಯಲ್ಲಿ ಹಣ ಕಡಿಮೆಯಿದ್ದಾಗ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಫ್ರೇಮನ್ನು. ಹ್ಯಾಂಡಲ್ಲಿನ ಬುಡದಲ್ಲಿ ಕೊಳವೆಗಳು ಕೂಡುವ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೂ, ಫೋರ್ಕು ಬಾಗಿದ್ದರೂ ಅದನ್ನು ಘಾಟಿಯ ದಾರಿಗೆ ತರಕೂಡದು. ಸಣ್ಣ ಪಾನದಿಂದ ಕೊಳವೆಯನ್ನು ಉದ್ದಕ್ಕೂ ತಟ್ಟಿದರೆ ಗಟ್ಟಿಯಾದ ಕಡೆ ಗಂಟೆಯಂತೆ, ಒಳಗಿನಿಂದ ತಿಂದುಹೋದ ಕಡೆ ಮಂಕಾಗಿ ಸದ್ದು ಬರುತ್ತದೆ. ಮಳೆನಾಡಿನ ಸೈಕಲ್ಲು ಹೊರಗಿಗಿಂತ ಒಳಗೇ ಹೆಚ್ಚು ಕೊಳೆಯುವುದು. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲಿನ ಅಚ್ಚಿನ ಬಳಿ ನಿಂತಿರುತ್ತದೆ. ಫ್ರೇಮು ಗಟ್ಟಿಯಿದೆಯೆಂದು ಕಂಡರೆ ತಲೆಕೆಳಗಾಗಿಸಿ ನೀರಿಳಿಸಿ, ಬಿಸಿಲಿಗೆ ಒಣಗಿಸಿ, ಕುದಿಸಿದ ಅಗಸೆ ಎಣ್ಣೆಯನ್ನು ಒಳಗೆ ಹೊಯ್ದು ತಿರುಗಿಸಿದರೆ ಒಳಮೈಗೆ ಪದರವೊಂದು ಹಿಡಿಯುತ್ತದೆ.

ಬಿಚ್ಚುವಾಗ ಅವಸರ ಮಾಡಿದವರೇ ಹೆಚ್ಚು ಕೆಡಿಸುವವರು. ಎಡಗಡೆಯ ಪೆಡಲಿನ ಸುತ್ತು ಉಲ್ಟಾ ಇರುತ್ತದೆ. ಅದನ್ನು ಪ್ರದಕ್ಷಿಣವಾಗಿ ತಿರುಗಿಸಿಯೇ ಬಿಚ್ಚಬೇಕು. ಇದನ್ನರಿಯದೆ ಬಲ ಹಾಕಿ ದಾರ ಕಿತ್ತ ಕ್ರ್ಯಾಂಕುಗಳು ಎಷ್ಟೋ. ಸೀಟಿನ ಕಂಬ ಸೆಟೆದುಕೊಂಡಿದ್ದರೆ ಡೀಸೆಲ್ಲಿಗೆ ತುಸು ಎಂಜಿನ್ ಆಯಿಲ್ ಬೆರೆಸಿ ಸಂದಿಗೆ ಬಿಟ್ಟು ಎರಡು ರಾತ್ರಿ ಕಾಯುವುದು, ಸುತ್ತಿಗೆ ಎತ್ತುವುದಕ್ಕಿಂತ ಅಗ್ಗದ ಉಪಾಯ.

ತುಕ್ಕು ಬಿಡಿಸುವುದಕ್ಕೆ ಪೇಟೆಯ ರಾಸಾಯನಿಕಗಳೇ ಬೇಕೆಂದಿಲ್ಲ. ಹೊಳಪಿನ ಭಾಗಗಳ ಮೇಲಿನ ಕೆಂಪು ಚುಕ್ಕೆಗಳನ್ನು ಅಲ್ಯೂಮಿನಿಯಂ ಹಾಳೆಯನ್ನು ನೀರಿಗದ್ದಿ ತಿಕ್ಕಿದರೆ ತೆಗೆಯಬಹುದು. ಆ ಹಾಳೆ ಕ್ರೋಮಿಯಂಗಿಂತ ಮೃದುವಾದ್ದರಿಂದ ಗೀರು ಬೀಳುವುದಿಲ್ಲ. ನಟ್ಟು, ಬೋಲ್ಟುಗಳನ್ನು ಗಟ್ಟಿ ಹುಣಸೆ ನೀರಿನಲ್ಲಿ ಒಂದೆರಡು ದಿನ ನೆನೆಹಾಕಿ, ಅಡಿಗೆ ಸೋಡಾದ ನೀರಿನಲ್ಲಿ ತೊಳೆದು, ಒಲೆಯ ಬಳಿ ಒಣಗಿಸಿ ಕೂಡಲೇ ಎಣ್ಣೆ ಸವರಬೇಕು. ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಚೈನನ್ನು ಮಾತ್ರ ಹುಳಿಯಲ್ಲಿ ಅದ್ದಬಾರದು. ಹದ ಮಾಡಿದ ಉಕ್ಕು ಆಮ್ಲದಿಂದ ಪೆಡಸಾಗಿ ಮುರಿಯುವುದುಂಟು. ಫ್ರೇಮಿನ ವಿಚಾರದಲ್ಲಿ ಅಳಲೆಕಾಯಿಯ ಕಷಾಯವನ್ನು ನೆನೆಯಬೇಕು. ಅಳಲೆಕಾಯಿಗೆ ಅಣ್ಣಭೇದಿ ಬೆರೆಸಿ ಮಸಿ ಮಾಡುತ್ತಿದ್ದ ಹಿರಿಯರಿಗೆ ಈ ವಿದ್ಯೆ ಅರ್ಧ ಗೊತ್ತಿತ್ತು. ಅಳಲೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪಾದ, ನೀರಿಗೆ ಕರಗದ ವಸ್ತುವಾಗುತ್ತದೆ. ಹುರಿಬ್ರಷ್ಷಿನಿಂದ ಸಡಿಲ ತುಕ್ಕನ್ನು ಉದುರಿಸಿ, ಉಳಿದ ತುಕ್ಕಿನ ಮೇಲೆ ಗಟ್ಟಿ ಕಷಾಯವನ್ನು ಎರಡು ಮೂರು ಸಲ ಬಳಿದರೆ ಕೆಂಪು ಹೋಗಿ ಕಪ್ಪು ಮೂಡುತ್ತದೆ. ಡಬ್ಬಿಯಲ್ಲಿ ಮಾರುವ ಅನೇಕ ತುಕ್ಕುನಿರೋಧಕಗಳಲ್ಲಿ ಇರುವುದೂ ಟ್ಯಾನಿನ್ನೇ. ಅದರ ಮೇಲೆ ಬಣ್ಣ ಬೀಳಲೇಬೇಕು. ಬರಿಯ ಅಳಲೆ ಒಂದು ಆಷಾಢವನ್ನೂ ತಡೆಯದು.

ಹಣ ಸುರಿಯಬೇಕಾದ ಸ್ಥಳಗಳು ಮೂರೇ: ಬೇರಿಂಗು, ಟೈರು, ಬ್ರೇಕು. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಬದಿಗೆ ಒಂಬತ್ತರಂತೆ ಕಾಲಿಂಚಿನ ಗುಂಡುಗಳಿರುತ್ತವೆ. ಹಳೆಯ ಗುಂಡುಗಳನ್ನು ಉಳಿಸಿಕೊಳ್ಳುವ ಜಿಪುಣತನ ಬೇಡ, ಅಷ್ಟನ್ನೂ ಬದಲಿಸುವುದು ಲೇಸು. ಚೈನಿನ ಹನ್ನೆರಡು ಇಂಚು ಹೊಸದರಲ್ಲಿ ಸರಿಯಾಗಿ ಹನ್ನೆರಡೇ ಇಂಚಿರುತ್ತದೆ. ಅಳತೆಪಟ್ಟಿಯಲ್ಲಿ ಅದು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಹಿಗ್ಗಿದ್ದರೆ ಚೈನಿನ ಕಾಲ ಮುಗಿದಿದೆ. ಇಪ್ಪತ್ತಿಂಚಿನ ಟೈರು ಕೊಳ್ಳುವಾಗ ಒಂದು ಮೋಸವಿದೆ. 20×1.75 ಎಂದು ದಶಮಾಂಶದಲ್ಲಿ ಬರೆದ ಟೈರು 406 ಮಿಲಿಮೀಟರಿನ ರಿಮ್ಮಿಗೆ, 20×1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದು 451 ಮಿಲಿಮೀಟರಿನ ರಿಮ್ಮಿಗೆ. ಎರಡೂ ಇಪ್ಪತ್ತಿಂಚೇ, ಒಂದು ಇನ್ನೊಂದಕ್ಕೆ ಕೂರದು. ಹಳೆಯ ಟೈರನ್ನು ಅಂಗಡಿಗೆ ಹೊತ್ತುಕೊಂಡೇ ಹೋಗುವುದು ಒಳ್ಳೆಯದು.

ಬ್ರೇಕಿನ ವಿಷಯದಲ್ಲಿ ಮಲೆನಾಡಿಗೂ ಬಯಲುಸೀಮೆಗೂ ಅಜಗಜಾಂತರ. ಹೊಳೆಯುವ ಉಕ್ಕಿನ ರಿಮ್ಮು ಒಣಗಿದಾಗ ಹಿಡಿದಂತೆ ನೆನೆದಾಗ ಹಿಡಿಯುವುದಿಲ್ಲ; ಮಳೆಯಲ್ಲಿ ನಿಲ್ಲಲು ಎಷ್ಟೋ ಪಾಲು ಹೆಚ್ಚು ದೂರ ಬೇಕು. ಇಳಿಜಾರಿನ ಕೊನೆಗೆ ತಿರುವು, ತಿರುವಿಗೆ ಎದುರಾಗಿ ಬಸ್ಸು ಇರುವ ರಸ್ತೆಗಳಲ್ಲಿ ಅಷ್ಟು ದೂರ ಎಲ್ಲಿದೆ? ತುಕ್ಕು ಹಿಡಿದ ರಿಮ್ಮನ್ನು ಬದಲಿಸುವುದೇ ಆದರೆ ಅಲ್ಯೂಮಿನಿಯಂ ರಿಮ್ಮು ಹಾಕಿಸುವುದಕ್ಕೆ ಬೀಳುವ ಹೆಚ್ಚುವರಿ ಖರ್ಚು ವ್ಯರ್ಥವಲ್ಲ. ಅದಕ್ಕಾಗಿ ಬಣ್ಣವನ್ನು ಮುಂದಿನ ವರ್ಷಕ್ಕೆ ಮುಂದೂಡಿದರೂ ಅಡ್ಡಿಯಿಲ್ಲ. ಇನ್ನು ತೊಳೆದ ಡೀಸೆಲ್ಲು, ಕರಿ ಗ್ರೀಸುಗಳನ್ನು ಹಳ್ಳದ ದಂಡೆಯಲ್ಲಿ ಚೆಲ್ಲಿ ಪರಿಸರದ ಮಾತಾಡುವುದು ಹಾಸ್ಯಾಸ್ಪದ. ಡಬ್ಬಿಯಲ್ಲಿ ತಿಳಿಯಾಗಲು ಬಿಟ್ಟರೆ ಮೇಲಿನ ಡೀಸೆಲ್ಲು ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆಯ ಟ್ಯೂಬಿನ ಉಪಯೋಗವನ್ನು ಹೊರೆ ಕಟ್ಟುವವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸೈಕಲ್ಲುಗಳು ಕೊಟ್ಟಿಗೆಯಲ್ಲೇ ಏಕೆ ಉಳಿದಿವೆ? ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿತು. ಶಾಲೆ ದೂರವಾದ ಹೆಣ್ಣುಮಕ್ಕಳಿಗೆ ಅದು ಎಂಥ ಸ್ವಾತಂತ್ರ್ಯವಾಗಿತ್ತೆಂಬುದನ್ನು ಕಂಡವರಿದ್ದಾರೆ. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತಿತು. 1991ರಿಂದ ಕಾರ್ಮಿಕರೇ ನಡೆಸಿಕೊಂಡು ಬಂದಿದ್ದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ನಿಂತದ್ದೂ ಅದೇ ವರ್ಷ. ಬೇರೆ ಬಸ್ಸು ಕಾಣದ ಊರುಗಳ ಮಕ್ಕಳಿಗೆ ಉಳಿದದ್ದು ಕಾಲ್ನಡಿಗೆ, ಇಲ್ಲವೇ ಯಾರದೋ ಬೈಕಿನ ಹಿಂಬದಿ. ಅದೇ ಊರುಗಳ ಕೊಟ್ಟಿಗೆಗಳಲ್ಲಿ ಅಕ್ಕ, ಅಣ್ಣಂದಿರಿಗೆ ಸಿಕ್ಕಿದ್ದ ಸೈಕಲ್ಲುಗಳು ತುಕ್ಕು ತಿನ್ನುತ್ತಿವೆ. ಲಕ್ಷಗಟ್ಟಲೆ ಸೈಕಲ್ಲು ಹಂಚಿದ ಯೋಜನೆಯಲ್ಲಿ ಒಂದು ಪಾನವನ್ನು ಹಿಡಿಯುವುದು ಹೇಗೆಂದು ಮಕ್ಕಳಿಗೆ ಕಲಿಸುವ ಪಾಠಕ್ಕೆ ಜಾಗವಿರಲಿಲ್ಲ. ಕೊಡುವುದಷ್ಟೇ ಸರ್ಕಾರದ ಕೆಲಸ, ಕೆಟ್ಟರೆ ಕೊಂಡವರ ಹಣೆಬರಹ ಎಂಬ ಧೋರಣೆ ಪಂಪುಸೆಟ್ಟಿನಿಂದ ಸೋಲಾರ್ ದೀಪದವರೆಗೆ ಎಲ್ಲ ಯೋಜನೆಗಳಲ್ಲೂ ಒಂದೇ. ಇತ್ತ ಪೇಟೆಯ ಸೈಕಲ್ ಷಾಪಿನವರು ಒಬ್ಬೊಬ್ಬರಾಗಿ ಬಾಗಿಲು ಮುಚ್ಚುತ್ತಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬಂದಿಲ್ಲ. ಅವರ ಕೈಯ ವಿದ್ಯೆ ಅವರೊಡನೆ ಹೋದರೆ ಹಬ್ಬಿನ ಕೋನನ್ನು ಎಷ್ಟು ಬಿಗಿಮಾಡಬೇಕೆಂಬುದನ್ನು ಯಾವ ಪುಸ್ತಕದಿಂದಲೂ ಕಲಿಯಲಾಗದು.

ಗ್ರಾಮ ಪಂಚಾಯಿತಿಗಳೂ ಶಾಲಾಭಿವೃದ್ಧಿ ಸಮಿತಿಗಳೂ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಪ್ರೌಢಶಾಲೆಯ ಒಂದು ಜಗುಲಿ, ಒಂದು ಬೆಂಚು ವೈಸು, ಎರಡು ಜೊತೆ ಪಾನ, ಚೈನು ಕಳಚುವ ಸಲಕರಣೆ, ಪಂಪು, ಪಂಕ್ಚರಿನ ಸಾಮಾನು, ಒಂದು ಡಬ್ಬಿ ಗ್ರೀಸು. ಕೆಲಸ ಬಿಟ್ಟ ಹಿರಿಯ ಮೆಕ್ಯಾನಿಕ್ಕರೊಬ್ಬರಿಗೆ ವಾರಕ್ಕೆರಡು ದಿನದ ಗೌರವಧನ. ಊರಿನ ಕೊಟ್ಟಿಗೆಗಳಿಂದ ಬಂದ ನಾಲ್ಕು ಸೈಕಲ್ಲುಗಳನ್ನು ಬಿಚ್ಚಿದರೆ ಎರಡು ಓಡುವ ಸೈಕಲ್ಲುಗಳಾದರೂ ಹೊರಬರುತ್ತವೆ. ಉಳಿದವುಗಳಿಂದ ಬಿಡಿಭಾಗ ಸಿಗುತ್ತದೆ. ಗುಜರಿಯವನಿಗೆ ಸೇರಬೇಕಾದ್ದು ಆ ಮೇಲೆ ಮಿಕ್ಕಿದ್ದು. ಬೇಸಿಗೆ ರಜೆಯ ಮೇ ತಿಂಗಳು ಇದಕ್ಕೆ ಸರಿಯಾದ ಕಾಲ, ಬಣ್ಣ ಒಣಗುವುದೂ ಆಗಲೇ. ಶಾಲೆ ತೆರೆಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಆದ್ದರಿಂದ ಈ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರಹದಲ್ಲಿ ಇಡುವ ಕೆಲಸ ಚಳಿಗಾಲ ಮುಗಿಯುವ ಮೊದಲೇ ಆಗಬೇಕಾಗಿದೆ.