ಫ್ಯಾನ್ ಇರೋ ವಿಮಾನವೇ ವಾಸಿ

ನಮ್ಮೂರಲ್ಲಿ ಚಿಕ್ಕಪ್ಪನ ಮನೆ ಜಗಲಿ ಅಂದ್ರೆ ಒಂಥರಾ ಹೈಕೋರ್ಟು. ಬೇಲಿ ತಕರಾರು, ಕೊಳೆರೋಗಕ್ಕೆ ಯಾವಾಗ ಔಷಧಿ ಹೊಡೀಬೇಕು, ಎಲ್ಲ ಅಲ್ಲೇ ತೀರ್ಮಾನ. ಹೋದ ದೀಪಾವಳಿಗೆ ಅಲ್ಲಿ ಬಂದಿದ್ದ ಕೇಸು ಮಾತ್ರ ಹೊಸದು. ಚಿಕ್ಕಪ್ಪನ ಮಗ ಯಾವ ವಿಮಾನ ಓಡಿಸಬೇಕು?

ಹುಡುಗ 200 ಗಂಟೆ ಹಾರಾಟ ಮುಗಿಸಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತಗೊಂಡಿದ್ದಾನೆ. ಖರ್ಚು ಅರ್ಧ ಕೋಟಿ ದಾಟಿದೆ, ಅಡಿಕೆ ತೋಟದ ಮೇಲೆ ಸಾಲ ಇದೆ. ಈಗ ಎರಡು ದಾರಿ. ಸಣ್ಣ ಊರುಗಳಿಗೆ ಹಾರೋ ಕಂಪನಿಯೊಂದು ಎಟಿಆರ್ 72 ವಿಮಾನಕ್ಕೆ ಕೋ-ಪೈಲಟ್ ಆಗಿ ಬಾ ಅಂತಿದೆ. ಟೈಪ್ ರೇಟಿಂಗ್, ಅಂದ್ರೆ ಆ ಒಂದು ಮಾದರಿಯ ವಿಮಾನ ಹಾರಿಸೋಕೆ ಬೇಕಾದ ತರಬೇತಿ ಮತ್ತು ಅನುಮತಿ, ಅವರೇ ಮಾಡಿಸ್ತಾರೆ. ಬದಲಿಗೆ ಬಾಂಡ್ ಬರೆದುಕೊಡಬೇಕು. ಎರಡನೇ ದಾರಿ, ಇನ್ನೂ ಹದಿನೈದಿಪ್ಪತ್ತು ಲಕ್ಷ ಸಾಲ ಎತ್ತಿ, ಸ್ವಂತ ಖರ್ಚಲ್ಲಿ ಏರ್‌ಬಸ್ ಎ320 ಟೈಪ್ ರೇಟಿಂಗ್ ಮಾಡಿಕೊಂಡು, ದೊಡ್ಡ ಕಂಪನಿ ಯಾವಾಗ ಕರೆಯುತ್ತೆ ಅಂತ ಕಾಯೋದು.

ಜಗಲಿಯ ತೀರ್ಪು ಸರ್ವಾನುಮತದ್ದು: ಏರ್‌ಬಸ್.

ದೊಡ್ಡಪ್ಪ ಕೇಳಿದ್ರು, "ಫ್ಯಾನ್ ಇರೋ ವಿಮಾನನಾ? ಅದೆಂತ ಮಾರಾಯ, ಹಳೇ ಕಾಲದ್ದು." ಅತ್ತೆಗೆ ಹೆಣ್ಣಿನ ಕಡೆಯವರಿಗೆ ಏನು ಹೇಳೋದು ಅನ್ನೋ ಚಿಂತೆ. ಬೆಂಗಳೂರಿಂದ ಬಂದಿದ್ದ ಇನ್ನೊಬ್ಬ ಕಸಿನ್, ನನ್ನ ಹಾಗೇ ಸಾಫ್ಟ್‌ವೇರಿನವನು, "ರೆಸ್ಯೂಮೆಯಲ್ಲಿ ಬ್ರ್ಯಾಂಡ್ ಮುಖ್ಯ" ಅಂದ. ಎಟಿಆರ್ ತಗೋ ಅಂದವನು ನಾನೊಬ್ಬನೇ. ಚಿಕ್ಕಪ್ಪ ನನ್ನ ಮುಖ ನೋಡಿ, "ಸಾಲ ತೀರಿಸೋದು ನೀನಾ?" ಅಂದ್ರು. ಆ ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಿದವನು ನಾನೇ. ಆದ್ರೂ ಹಬ್ಬದ ದಿನ ಯಾಕೆ ಅಂತ ಬಾಯಿ ಮುಚ್ಕೊಂಡೆ. ಅವತ್ತು ಹೇಳದೆ ಉಳಿದದ್ದನ್ನ ಈಗ ಹೇಳ್ತೀನಿ.

ಮೊದಲು ಈ ಫ್ಯಾನಿನ ವಿಷಯ ಮುಗಿಸೋಣ. ಎಟಿಆರ್ 72ರ ರೆಕ್ಕೆಯ ಮೇಲಿರೋದು ಟರ್ಬೊಪ್ರಾಪ್ ಎಂಜಿನ್. ಒಳಗಿರೋದು ಜೆಟ್‌ನಲ್ಲಿರೋ ಥರದ್ದೇ ಗ್ಯಾಸ್ ಟರ್ಬೈನ್, ಅದು ಹೊರಗಿನ ಪ್ರೊಪೆಲರ್ ತಿರುಗಿಸುತ್ತೆ. ಏರ್‌ಬಸ್ ಎಂಜಿನ್‌ನ ಬಾಯಲ್ಲಿ ಇಣುಕಿ ನೋಡಿ, ಅಲ್ಲೂ ಒಂದು ದೊಡ್ಡ ಫ್ಯಾನೇ ಇದೆ. ಆ ವಿಮಾನವನ್ನ ಮುಂದಕ್ಕೆ ತಳ್ಳೋ ಬಲದಲ್ಲಿ ಹೆಚ್ಚಿನ ಪಾಲು ಆ ಫ್ಯಾನಿನದ್ದೇ. ಅದಕ್ಕೆ ಡಬ್ಬಿ ಮುಚ್ಚಿದ್ದಾರೆ, ಇದಕ್ಕೆ ಮುಚ್ಚಿಲ್ಲ. ಇನ್ನು ಹಳೇ ಕಾಲದ ಮಾತು. ಎ320 ಮೊದಲ ಸಲ ಹಾರಿದ್ದು 1987ರ ಫೆಬ್ರವರಿಯಲ್ಲಿ. ಎಟಿಆರ್ 72 ಹಾರಿದ್ದು 1988ರ ಅಕ್ಟೋಬರ್‌ನಲ್ಲಿ. ದೊಡ್ಡಪ್ಪ ಹಳೇದು ಅಂದದ್ದೇ ವಯಸ್ಸಲ್ಲಿ ಚಿಕ್ಕದು. ಈಗ ಬರೋ 600 ಮಾದರಿಯ ಕಾಕ್‌ಪಿಟ್‌ನಲ್ಲಿ ದೊಡ್ಡ ದೊಡ್ಡ ಐದು ಎಲ್‌ಸಿಡಿ ಪರದೆಗಳಿವೆ.

ಅದು ನಿಧಾನ, ಒಪ್ಪಿದೆ. ಗಂಟೆಗೆ 500 ಕಿಲೋಮೀಟರ್ ಆಸುಪಾಸು, ಏರ್‌ಬಸ್ 800 ದಾಟುತ್ತೆ. ಆದ್ರೆ ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವಾಗ ಆ ವೇಗ ಯಾರಿಗೆ ಬೇಕು? ಜೆಟ್ ಮೇಲೇರಿ ಉಸಿರು ಬಿಡೋ ಹೊತ್ತಿಗೆ ಇಳಿಯೋಕೆ ಶುರು ಮಾಡಬೇಕು. 2023ರ ಆಗಸ್ಟ್ 31ಕ್ಕೆ ಶಿವಮೊಗ್ಗಕ್ಕೆ ಬಂದ ಮೊದಲ ಪ್ರಯಾಣಿಕರ ವಿಮಾನ ಎಟಿಆರ್. 2003ರಲ್ಲಿ ಏರ್ ಡೆಕ್ಕನ್ ಶುರುವಾದದ್ದು ಎಟಿಆರ್‌ನಿಂದ. 2017ರ ಏಪ್ರಿಲ್‌ನಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಶಿಮ್ಲಾದಿಂದ ದೆಹಲಿಗೆ ಹಾರಿದ್ದೂ ಎಟಿಆರ್. ಮೈಸೂರಿನ ರನ್‌ವೇ 1,740 ಮೀಟರ್. ನೀವು ಹೆಮ್ಮೆ ಪಡೋ ಏರ್‌ಬಸ್ ತುಂಬಿದ ಹೊಟ್ಟೆಯಲ್ಲಿ ಅಲ್ಲಿಗೆ ಬರಲ್ಲ. ನಮ್ಮಂಥವರ ಊರಿಗೆ ಬರೋದು ಈ ಫ್ಯಾನೇ.

ಇಷ್ಟಾದ್ರೂ ಇದು ಪ್ರಯಾಣಿಕನ ವಾದ. 200 ಗಂಟೆಯ ಹುಡುಗನಿಗೆ ಇದರಿಂದೇನು?

ಆ 200 ಗಂಟೆಯಲ್ಲಿ ಬಹುಪಾಲು ಸೆಸ್ನಾದಂಥ ಪುಟ್ಟ ವಿಮಾನದಲ್ಲಿ ಹಾರಿದ್ದು. ಅವನಿಗಿನ್ನೂ ಕೈ ಪಳಗಿಲ್ಲ. ಎ320ರಲ್ಲಿ ಪಕ್ಕದ ಸಣ್ಣ ಸ್ಟಿಕ್ಕು ಅಲ್ಲಾಡಿಸಿದ್ರೆ ಅದು ನೇರ ರೆಕ್ಕೆಗೆ ಹೋಗಲ್ಲ. ಕಂಪ್ಯೂಟರ್‌ಗೆ ಹೋಗುತ್ತೆ. ಅದು ಪರಿಶೀಲಿಸಿ, ಜಾಸ್ತಿ ಅನ್ನಿಸಿದ್ರೆ ತಡೆಯುತ್ತೆ. ಎಂಜಿನ್ನಿನ ಶಕ್ತಿಯನ್ನೂ ಆಟೋಥ್ರಸ್ಟ್ ನೋಡಿಕೊಳ್ಳುತ್ತೆ. ಅದ್ಭುತವಾದ ಎಂಜಿನಿಯರಿಂಗ್, ನಾನು ಕೈ ಮುಗೀತೀನಿ. ಎಟಿಆರ್‌ನಲ್ಲಿ ಆಟೋಪೈಲಟ್ ಇದೆ, ಆಟೋಥ್ರಾಟಲ್ ಇಲ್ಲ. ಎಷ್ಟು ಶಕ್ತಿ ಕೊಡಬೇಕು, ಯಾವಾಗ ಕಡಿಮೆ ಮಾಡಬೇಕು, ಕೈಯೇ ತೀರ್ಮಾನಿಸಬೇಕು. ಶಕ್ತಿ ಬದಲಾದಾಗ ಮೂತಿ ಪಕ್ಕಕ್ಕೆ ಎಳೆಯುತ್ತೆ, ಕಾಲು ಸರಿ ಮಾಡ್ತಾ ಇರಬೇಕು. ಏರ್‌ಬಸ್ 35,000 ಅಡಿಯಲ್ಲಿ ಮೋಡದ ಮೇಲೆ ಹೋಗುವಾಗ, 25,000 ಅಡಿ ದಾಟದ ಎಟಿಆರ್ ಜುಲೈ ತಿಂಗಳ ಮಲೆನಾಡಿನ ಮೋಡದೊಳಗೇ ದಾರಿ ಹುಡುಕಬೇಕು. ದಿನಕ್ಕೆ ನಾಲ್ಕು ಸಲ ಏರೋದು, ನಾಲ್ಕು ಸಲ ಇಳಿಯೋದು. ಏರ್‌ಬಸ್‌ನವರಿಗೂ ಕೆಲವು ದಿನ ನಾಲ್ಕು ಬರುತ್ತೆ. ಆದ್ರೆ ಗಿಡ್ಡ ರನ್‌ವೇ, ಗಾಳಿ, ಮಂಜು ಎಲ್ಲ ಒಟ್ಟಿಗೆ ಮೈಮೇಲೆ ಬರೋದು ಸಣ್ಣೂರಿನ ಪೈಲಟ್‌ಗೆ.

ನಮ್ಮ ಫೀಲ್ಡಲ್ಲೂ ಇದೇ ಕತೆ ಅಲ್ವಾ? ಕಾಲೇಜಿಂದ ನೇರ ದೊಡ್ಡ ಫ್ರೇಮ್‌ವರ್ಕ್ ಮೇಲೆ ಕೂತವನು ಚೆಂದದ ಡೆಮೊ ಕೊಡ್ತಾನೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಫೋನು ಹೋಗೋದು ಯಾರಿಗೆ? ಎರಡು ವರ್ಷ ಪ್ರೊಡಕ್ಷನ್ ಸಪೋರ್ಟ್‌ನಲ್ಲಿ ಕೊಳೆತವನಿಗೆ. ಆ ಎರಡು ವರ್ಷವನ್ನ ಅವನು ರೆಸ್ಯೂಮೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾನೆ, ಪಾಪ. ನಮ್ಮಲ್ಲಿ ಸರ್ವರ್ ಬಿದ್ರೆ ಮತ್ತೆ ಎಬ್ಬಿಸಬಹುದು. ಆಕಾಶದಲ್ಲಿ ಹಾಗಲ್ಲ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಮೇಲಿದ್ದಾಗ ವೇಗ ಅಳೆಯೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ಆಟೋಪೈಲಟ್ ಕೈಬಿಟ್ಟಿತು, ಕಂಪ್ಯೂಟರ್‌ನ ಕಾವಲೂ ಸಡಿಲವಾಯ್ತು. ಅದು ಎ330, ಹಾರಿಸೋ ವ್ಯವಸ್ಥೆ ಇದೇ ಮನೆತನದ್ದು. ಹಾರಿಸ್ತಿದ್ದ ಪೈಲಟ್ ಮೂತಿಯನ್ನ ಮೇಲಕ್ಕೇ ಎಳೆದು ಹಿಡಿದರು. ವಿಮಾನ ಗಾಳಿಯ ಹಿಡಿತ ಕಳೆದುಕೊಂಡು ಸಮುದ್ರಕ್ಕೆ ಬಿತ್ತು. 228 ಜನ ಹೋದರು. ಯಂತ್ರ ಕೈಬಿಟ್ಟ ಕ್ಷಣದಲ್ಲಿ ಕೈಗೆ ಏನು ಗೊತ್ತಿರುತ್ತೆ ಅನ್ನೋದೇ ನನ್ನ ಪ್ರಶ್ನೆ.

"ಹಾಗಾದ್ರೆ ಪೋಖರಾ?" ಅಂತ ಕೇಳ್ತೀರಿ. ಕೇಳಲೇಬೇಕು. 2023ರ ಜನವರಿ 15ರಂದು ನೇಪಾಳದಲ್ಲಿ ಬಿದ್ದದ್ದು ಇದೇ ಎಟಿಆರ್ 72, ವಿಮಾನದಲ್ಲಿದ್ದ 72 ಜನರೂ ಸತ್ತರು. ಇಳಿಯೋಕೆ ಮುಂಚೆ ಫ್ಲ್ಯಾಪ್ ಲಿವರ್ ಎಳೆಯೋ ಬದಲು ಪ್ರೊಪೆಲರ್‌ಗಳ ಲಿವರ್‌ಗಳನ್ನ ಎಳೆದದ್ದು ತನಿಖೆಯಲ್ಲಿ ಕಂಡುಬಂತು. ಎರಡೂ ಎಂಜಿನ್‌ನ ಬಲ ಹೋಯ್ತು, ಯಾಕೆ ಅಂತ ಸಕಾಲಕ್ಕೆ ಗೊತ್ತಾಗಲಿಲ್ಲ. ಕೈಗೆ ಕೆಲಸ ಕೊಡೋ ವಿಮಾನ ಕೈ ತಪ್ಪಿದ್ರೆ ಕ್ಷಮಿಸಲ್ಲ. ಎಟಿಆರ್ ಹೆಚ್ಚು ಸುರಕ್ಷಿತ ಅಂತ ನಾನು ಹೇಳ್ತಾನೇ ಇಲ್ಲ. ಕೈ ಹೋದಲ್ಲಿ ಕಣ್ಣು ಹೋಗಬೇಕು ಅನ್ನೋ ಪಾಠವನ್ನ ಅದು ದಿನಕ್ಕೆ ನಾಲ್ಕು ಸಲ ಕಲಿಸುತ್ತೆ ಅಂತಿದ್ದೀನಿ. ಕಲಿಸೋ ಕ್ಯಾಪ್ಟನ್ ಪಕ್ಕದಲ್ಲಿದ್ರೆ ಮಾತ್ರ. ಅದಕ್ಕೇ ಹುಡುಗ ಮೊದಲು ವಿಚಾರಿಸಬೇಕಾದ್ದು ಆ ಕಂಪನಿಯಲ್ಲಿ ತರಬೇತಿ ಕೊಡೋರು ಯಾರು, ಹೇಗೆ ಅಂತ. ರೆಕ್ಕೆ ಮೇಲೆ ಏನು ತಿರುಗುತ್ತೆ ಅಂತಲ್ಲ.

ಈಗ ದುಡ್ಡಿನ ಮಾತು. ಎಟಿಆರ್‌ನಲ್ಲಿ ಸಂಬಳ ಕಮ್ಮಿ, ಸುಳ್ಳು ಯಾಕೆ ಹೇಳಲಿ. ಕಮ್ಮಿ ಸಂಬಳ ಬರೀ ಪ್ರತಿಷ್ಠೆಯ ವಿಷಯವೂ ಅಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್‌ನ ಪ್ರಾದೇಶಿಕ ವಿಮಾನ ಬಿದ್ದು 50 ಜನ ಸತ್ತರು. ಅದರ ಕೋ-ಪೈಲಟ್ ಇದ್ದದ್ದು ಸಿಯಾಟಲ್ ಕಡೆ, ಡ್ಯೂಟಿ ಶುರುವಾಗೋದು ನ್ಯೂವಾರ್ಕ್‌ನಿಂದ. ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ದೇಶ ದಾಟಿ ಬಂದು ಕೆಲಸಕ್ಕೆ ಕೂತಿದ್ದರು. ಅದಾದ ಮೇಲೇ ಅಲ್ಲಿ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು ಅನ್ನೋ ನಿಯಮ ಬಂತು. ನಾನು ಕಲಿತ ಪಾಠ ಬೇರೆ: ಯಾವ ವಿಮಾನ ಅನ್ನೋದಕ್ಕಿಂತ ಯಾವ ಬೇಸ್, ಯಾವ ರೋಸ್ಟರ್, ನಿದ್ದೆಗೆ ಎಲ್ಲಿ ಜಾಗ ಅನ್ನೋದು ದೊಡ್ಡ ಪ್ರಶ್ನೆ. ಜಗಲಿಯಲ್ಲಿ ಒಬ್ಬರೂ ಅದನ್ನ ಕೇಳಲಿಲ್ಲ. ಆಫರ್ ಲೆಟರ್ ಬಂದಾಗ ನಾವು ಸಿಟಿಸಿ ನೋಡ್ತೀವಿ, ಆಫೀಸು ವೈಟ್‌ಫೀಲ್ಡಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಅಂತ ಆಮೇಲೆ ಅಳ್ತೀವಿ. ಅದೇ ಬುದ್ಧಿ.

ಸಣ್ಣ ಕಂಪನಿ ಮುಳುಗಿದ್ರೆ? ಇದು ನನಗೂ ಇರೋ ಭಯ. ಬೆಂಗಳೂರಿನದೇ ಏರ್ ಪೆಗಾಸಸ್ 2015ರಲ್ಲಿ ಎಟಿಆರ್ ಹಾರಿಸೋಕೆ ಶುರು ಮಾಡಿ 2016ರಲ್ಲಿ ನಿಂತುಹೋಯ್ತು. ಟ್ರೂಜೆಟ್ 2022ರಲ್ಲಿ ನಿಂತಿತು. ಆದ್ರೆ ದೊಡ್ಡದು ಅಂತ ನಂಬಿದ್ದ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನೆಲ ಕಚ್ಚಿದವು. ಅವರ ಹತ್ರ ಎಂಥೆಂಥ ಜೆಟ್‌ಗಳಿದ್ದವು! ನೋಡಬೇಕಾದ್ದು, ಆ ಮಾದರಿಯನ್ನ ದೇಶದಲ್ಲಿ ಇನ್ಯಾರು ಹಾರಿಸ್ತಾರೆ ಅನ್ನೋದು. ಎಟಿಆರ್ ಇಂಡಿಗೋದಲ್ಲಿದೆ, ಅಲಯನ್ಸ್ ಏರ್‌ನಲ್ಲಿದೆ. ಬೆಳಗಾವಿ, ಕಲಬುರಗಿಯವರಿಗೆ ಗೊತ್ತಿರೋ ಸ್ಟಾರ್ ಏರ್‌ನ ಎಂಬ್ರೇರ್ ಒಳ್ಳೇ ಜೆಟ್. ಆದ್ರೆ ಹಿಂದೆ ಎಂಬ್ರೇರ್ ಹಾರಿಸಿದ ಪ್ಯಾರಾಮೌಂಟ್ 2010ರಲ್ಲಿ, ಏರ್ ಕೋಸ್ಟಾ 2017ರಲ್ಲಿ ನಿಂತಾಗ, ಆ ಒಂದೇ ರೇಟಿಂಗ್ ಹಿಡ್ಕೊಂಡು ಪೈಲಟ್‌ಗಳು ಇಲ್ಲಿ ಹೋಗೋದೆಲ್ಲಿಗೆ? ಜೆಟ್ ಅನ್ನೋ ಒಂದೇ ಪದ ಹೊಟ್ಟೆ ತುಂಬಿಸಲ್ಲ.

ಇನ್ನು ಚಿಕ್ಕಪ್ಪನ ಪ್ರಶ್ನೆ. ಸಾಲ ತೀರಿಸೋದು ಯಾರು? ಚಿಕ್ಕಪ್ಪಾ, ಲೆಕ್ಕ ಹಾಕಿ. ಏರ್‌ಬಸ್ ದಾರಿಯಲ್ಲಿ ಮೊದಲು ಸಾಲ ಬೆಳೆಯುತ್ತೆ, ಆಮೇಲೆ ಕಾಯೋ ಕಾಲ, ಕರೆ ಬಂದ್ರೆ ಸಂಬಳ. ಎಟಿಆರ್ ದಾರಿಯಲ್ಲಿ ತರಬೇತಿ ಮುಗಿದ ಮೇಲೆ ಸಂಬಳ ಶುರು. ಕಮ್ಮಿ ಇರಬಹುದು, ಆದ್ರೆ ಕೈಗೆ ಬರೋ ಕಮ್ಮಿ. 1,500 ಗಂಟೆಯಾದ್ರೆ ಎಟಿಪಿಎಲ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು, ಕ್ಯಾಪ್ಟನ್ ಆಗೋ ಬಾಗಿಲು ಅದು. ಬಾಂಡ್‌ನ ಷರತ್ತು ಮಾತ್ರ ವಕೀಲರ ಹತ್ರ ಓದಿಸಿಯೇ ಸಹಿ ಹಾಕಬೇಕು. ನಡುವೆ ಬಿಟ್ರೆ ಎಷ್ಟು ಕಟ್ಟಬೇಕು, ಕಂಪನಿಯೇ ನಿಂತ್ರೆ ಬಾಂಡ್ ಏನಾಗುತ್ತೆ, ಇವೆರಡು ಬರಹದಲ್ಲಿ ಇರಲಿ. ಏರ್‌ಬಸ್ ಎಲ್ಲೂ ಓಡಿಹೋಗಲ್ಲ. ಕೈ ಪಳಗಿಸಿಕೊಂಡು ಐದು ವರ್ಷ ಬಿಟ್ಟು ಹೋದ್ರೂ ಅದು ಅಲ್ಲೇ ಇರುತ್ತೆ.

ನನ್ನ ಸಿಟ್ಟು ಚಿಕ್ಕಪ್ಪನ ಮೇಲಲ್ಲ. ತೋಟ ಅಡ ಇಟ್ಟವರಿಗೆ ಭಯ ಸಹಜ. ಸಿಟ್ಟು ಇರೋದು ನಮ್ಮಂಥವರ ಮೇಲೆ. ಕೆಂಪೇಗೌಡ ಏರ್‌ಪೋರ್ಟಲ್ಲಿ ಬಸ್ ಇಳಿದು ಪ್ರೊಪೆಲರ್ ಕಂಡ ಕೂಡಲೇ "ಅಯ್ಯೋ, ಇದಾ?" ಅಂತ ಫೋಟೊ ತೆಗೆದು ಸ್ಟೇಟಸ್ ಹಾಕೋರು ನಾವು. ಆ ಸ್ಟೇಟಸ್ ಊರಿನ ಫ್ಯಾಮಿಲಿ ಗ್ರೂಪಿಗೂ ಹೋಗುತ್ತೆ, ಅಲ್ಲಿಂದ ಜಗಲಿಗೆ, ಅಲ್ಲಿಂದ 200 ಗಂಟೆಯ ಹುಡುಗನ ತಲೆಗೆ.

ತಮ್ಮ ಈ ತಿಂಗಳ ಕೊನೆಯೊಳಗೆ ಕಂಪನಿಗೆ ಉತ್ತರ ಕೊಡಬೇಕು. ನಿನ್ನೆ ರಾತ್ರಿ ಫೋನ್ ಮಾಡಿ, "ಅಣ್ಣ, ನೀನಾಗಿದ್ರೆ ಏನು ಮಾಡ್ತಿದ್ದೆ?" ಅಂದ. ನಾನಾಗಿದ್ರೆ ಹತ್ತು ವರ್ಷದ ಹಿಂದೆ ಮಾಡಿದ್ದನ್ನೇ ಮಾಡ್ತಿದ್ದೆನೋ ಏನೋ: ದೊಡ್ಡ ಹೆಸರು ನೋಡಿ ಓಡಿಹೋಗಿ, ಕೆಲಸ ಕಲಿಯೋಕೆ ಆಮೇಲೆ ಆರು ವರ್ಷ ಒದ್ದಾಡೋದು. ಅದನ್ನೇ ಅವನಿಗೂ ಹೇಳಿದೆ. ಜಾಮೀನು ಸಹಿ ನನ್ನದು, ತೋಟ ಚಿಕ್ಕಪ್ಪನದು. ಆದ್ರೆ ಮಳೆಗಾಲದ ಬೆಳಿಗ್ಗೆ ರನ್‌ವೇ ಕಾಣದೆ ಇದ್ದಾಗ ಆ ಸೀಟಲ್ಲಿ ಕೂತಿರೋನು ಅವನು. ಯಾವ ಸೀಟು ಅಂತ ಅವನೇ ಆರಿಸಲಿ. ಹೆಣ್ಣಿನ ಕಡೆಯವರು ಕೇಳಿದ್ರೆ ನನ್ನ ನಂಬರ್ ಕೊಡಿ, ನಾನು ಮಾತಾಡ್ತೀನಿ.