ನಿಗಾ ಇಡುವವರೂ ಲೆಕ್ಕ ಕೊಡಲಿ

ಸಿದ್ಧಕಟ್ಟೆಯಿಂದ ಹೆಚ್ಚು ದೂರವಿಲ್ಲದ ಕುತ್ಲೂರು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಮಲೆಕುಡಿಯರ ನೆಲೆ. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯು ಅಲ್ಲಿಯ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಹಾಗೂ ಅವರ ತಂದೆಯನ್ನು ಬಂಧಿಸಿತು. ಸಾಕ್ಷ್ಯವೆಂದು ಹಾಜರುಪಡಿಸಿದವುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕಾ ತುಣುಕುಗಳು, ಮೂಲಸೌಕರ್ಯ ದೊರೆಯುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಸೇರಿದ್ದವು. 2021ರ ಅಕ್ಟೋಬರ್ 21ರಂದು ಮಂಗಳೂರಿನ ಜಿಲ್ಲಾ ನ್ಯಾಯಾಲಯವು ಇಬ್ಬರನ್ನೂ ದೋಷಮುಕ್ತಗೊಳಿಸಿತು. ಇಂತಹ ಪುಸ್ತಕ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲವೆಂದಿತು.

ಕಳೆದುಹೋದ ಒಂಬತ್ತೂವರೆ ವರ್ಷಗಳಿಗೆ ಉತ್ತರದಾಯಿಗಳು ಯಾರು? ಕಾಡಂಚಿನ ಜನರ ರಕ್ಷಣೆ ಸರ್ಕಾರದ ಹೊಣೆ. ಅದಕ್ಕಾಗಿ ನಿಗಾ ಅಗತ್ಯವಾಗಬಹುದು. ಆದರೆ ರಸ್ತೆ, ವಿದ್ಯುತ್ತು ಕೇಳುವುದೇ ಸಂಶಯಕ್ಕೆ ಕಾರಣವಾದರೆ ಊರು ಬಾಯಿ ಮುಚ್ಚುತ್ತದೆ. ಹಾಗೆ ಬಾಯಿ ಮುಚ್ಚಿದ ಊರು ನಿಜವಾದ ಅಪಾಯ ಬಂದಾಗಲೂ ಪೊಲೀಸರನ್ನು ನಂಬಲಾರದು.

2005ರ ಮಾಹಿತಿ ಹಕ್ಕು ಅಧಿನಿಯಮದ 24ನೇ ಪ್ರಕರಣವು ಅಧಿಸೂಚಿತ ಗುಪ್ತಚರ, ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ನೀಡಿದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಆ ರಕ್ಷಣೆಯಿಲ್ಲ. ಎಷ್ಟು ಮಂದಿಯ ಮೇಲೆ, ಯಾವ ಕಾನೂನಿನಡಿ ನಿಗಾ ಇತ್ತು, ಎಷ್ಟು ಮೊಕದ್ದಮೆಗಳು ನ್ಯಾಯಾಲಯದಲ್ಲಿ ನಿಂತವು ಎಂಬ ಲೆಕ್ಕವನ್ನು ಸರ್ಕಾರವು ವರ್ಷವರ್ಷವೂ ವಿಧಾನಸಭೆಯ ಮುಂದಿಡಬೇಕು. ಈ ಬೇಡಿಕೆ ಗ್ರಾಮಸಭೆಗಳ ನಿರ್ಣಯವಾಗಿ ಹೊರಡಲಿ.